ಮಳೆಗಾಲದಲ್ಲಿ ಇನ್ನು ಯಾಣಕ್ಕೆ ಸೈಕಲ್ ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಉತ್ತರ ಕನ್ನಡ ಜಿಲ್ಲೆಯ ಯಾಣ, ವಡ್ಡಿ ಘಟ್ಟ, ವಿಭೂತಿ ಜಲಪಾತದ ಸೈಕಲ್ ಸವಾರಿಯನ್ನು ಊರಿನವರೇ ಸೇರಿ ನಡೆಸುವ ನಮ್ಮ ಸಂಘ ನಿಲ್ಲಿಸಿದೆ. ಯಾಣದ ಬಂಡೆಗಳ ನಡುವಿನ ನಡಿಗೆಯೂ ಆ ನಾಲ್ಕು ತಿಂಗಳು ಇಲ್ಲ. ಇದು ಈ ವರ್ಷಕ್ಕೆ ಮಾತ್ರ ಅಲ್ಲ, ಇನ್ನು ಮೇಲೆ ಪ್ರತಿ ವರ್ಷವೂ ಹೀಗೇ. ಅಕ್ಟೋಬರ್‌ನಲ್ಲಿ ಎರಡೂ ಮತ್ತೆ ಶುರುವಾಗುತ್ತವೆ. ಆದರೆ ಒಂದು ತಂಡಕ್ಕೆ ಹತ್ತೇ ಜನ. ಒಬ್ಬರಿಗೆ 1,400 ರೂಪಾಯಿ ಇದ್ದದ್ದು 1,750 ಆಗುತ್ತದೆ.

ಜುಲೈ, ಆಗಸ್ಟ್‌ಗೆ ಬುಕ್ ಮಾಡಿ ರೈಲು ಟಿಕೆಟ್ ಕೂಡ ತೆಗೆದುಕೊಂಡವರು ನಿಮ್ಮಲ್ಲಿದ್ದೀರಿ. ನಿಮಗೆ ಬೇಸರ ಆಗಿದೆ ಅಂತ ಗೊತ್ತು. ಕ್ಷಮೆ ಇರಲಿ. ಅಡಿಕೆ ಗೋದಾಮಿನ ಜಗಲಿ ಮೇಲೆ ನಮ್ಮ ಆಫೀಸು ಇದ್ದ ಕಾಲದಿಂದ ಬರುತ್ತಿರುವವರು ಬೈದರೂ ಪ್ರೀತಿಯಿಂದಲೇ ಬೈದಿದ್ದೀರಿ. ಉಳಿದ ಕೆಲವರ ಮಾತು ಹಾಗಿರಲಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ನಾವು ಕೇಳಿ ಕೇಳಿ ಸಾಕಾದ ಮಾತು ಒಂದಿದೆ. "ಯಾಣ ಚಂದ ಇರೋದೇ ಮಳೆಗಾಲದಲ್ಲಿ. ರಿಸ್ಕ್ ನಮ್ಮದು, ಬೇಕಾದ್ರೆ ಬರೆದು ಸಹಿ ಹಾಕಿ ಕೊಡ್ತೀವಿ. ನಿಮಗೇನು ಕಷ್ಟ?"

ಚಂದ ಅನ್ನೋದು ನಿಜ. ಮಳೆಯಲ್ಲಿ ನೆನೆದ ಭೈರವೇಶ್ವರ ಶಿಖರವನ್ನು ಬುಡದಲ್ಲಿ ನಿಂತು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. 120 ಮೀಟರ್ ಎತ್ತರದ ಕಪ್ಪು ಕಲ್ಲು, ಪಕ್ಕದಲ್ಲಿ 90 ಮೀಟರ್‌ನ ಮೋಹಿನಿ ಶಿಖರ, ನಡುವೆ ಮಂಜು. ನಮಗೂ ಅದರ ಮೇಲೆ ಆಸೆ ಇದೆ. ಆದರೆ ಆ ಕಲ್ಲು ಯಾವುದು ಅಂತ ಸ್ವಲ್ಪ ಯೋಚಿಸಿ. ಅದು ಸುಣ್ಣಕಲ್ಲು. ಮಳೆನೀರಿನಲ್ಲಿ ಬೆರೆತ ಇಂಗಾಲದ ಆಮ್ಲ ಅದನ್ನು ಲಕ್ಷಾಂತರ ವರ್ಷ ಕರಗಿಸಿದ್ದಕ್ಕೇ ಆ ಸೀಳು, ಆ ಗುಹೆ, ಆ ಚೂಪಾದ ತುದಿಗಳು ಬಂದಿವೆ. ಸುಣ್ಣಕಲ್ಲಿನ ಗುಣವೇ ಹಾಗೆ. ಅದು ಬಿದ್ದ ನೀರನ್ನೆಲ್ಲ ಮೇಲ್ಮೈಯಲ್ಲೇ ಹರಿಸಿ ಬಿಡುವುದಿಲ್ಲ, ಸೀಳಿನೊಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಎಲ್ಲಿಂದಲೋ ಹೊರಗೆ ಬಿಡುತ್ತದೆ. ನಿಮ್ಮ ತಲೆ ಮೇಲೆ ಮಳೆ ನಿಂತಿದೆ ಅಂದ ಮಾತ್ರಕ್ಕೆ ಕಾಲ ಕೆಳಗಿನ ಹಳ್ಳ ಇಳಿದಿದೆ ಅಂತ ಅರ್ಥ ಅಲ್ಲ. ದಾಟುವಾಗ ಮೊಣಕಾಲಿಗೆ ಬರುವ ನೀರು ವಾಪಸ್ ಬರುವಾಗ ಸೊಂಟಕ್ಕೆ ಬಂದಿರಬಹುದು.

ಬಂಡೆಗೆ ಪ್ರದಕ್ಷಿಣೆ ಹಾಕುವ ಸೀಳಿನ ದಾರಿ ನಿಮಗೆ ಗೊತ್ತಲ್ಲ. ದೇವರ ಜಾಗ ಅಂತ ಅಲ್ಲಿ ಬರಿಗಾಲಲ್ಲಿ ನಡೆಯುವವರೇ ಜಾಸ್ತಿ. ಜನರ ಕಾಲು ಸವೆಸಿ ನುಣುಪು ಮಾಡಿದ ಕಲ್ಲಿನ ಮೇಲೆ ಪಾಚಿ ಕೂತರೆ ಹೇಗಿರುತ್ತದೆ? ಜಾರಿ ಬಿದ್ದರೆ ಹಿಡಿದುಕೊಳ್ಳಲು ಸಿಗುವುದು ಕಲ್ಲಿನ ಚೂಪು ಅಂಚು. ಕಾಲು ಮುರಿದವರನ್ನು ಅಲ್ಲಿಂದ ಹೊತ್ತು ತರುವವರು ನಮ್ಮ ಹುಡುಗರೇ. ಫೋನಿಗೆ ಸಿಗ್ನಲ್ ಇರುವುದಿಲ್ಲ. ನಿಮ್ಮ ಸಹಿ ಇರುವ ಕಾಗದ ಆಗ ಯಾವ ಉಪಯೋಗಕ್ಕೆ ಬರುತ್ತದೆ, ನೀವೇ ಹೇಳಿ. ಸಹಿ ನಮ್ಮನ್ನು ಕೋರ್ಟಿನಿಂದ ಉಳಿಸಬಹುದೇನೋ. ನಿಮ್ಮ ಮನೆಯವರಿಗೆ ಫೋನ್ ಮಾಡುವ ಕೆಲಸದಿಂದ ಉಳಿಸುವುದಿಲ್ಲ.

ಇನ್ನು ಘಟ್ಟ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದದ್ದನ್ನು ಯಾರೂ ಮರೆತಿಲ್ಲ. ಅದು ಕಾಡಿನ ದಾರಿ ಆಗಿರಲಿಲ್ಲ, ರಾಷ್ಟ್ರೀಯ ಹೆದ್ದಾರಿ. ಚಹಾ ಅಂಗಡಿ, ನಿಲ್ಲಿಸಿದ್ದ ಲಾರಿ, ಜನ, ಎಲ್ಲ ಗಂಗಾವಳಿ ನದಿಯ ಪಾಲಾಯಿತು. ನಮ್ಮ ವಡ್ಡಿ ಘಟ್ಟವೂ ಅದೇ ಜಿಲ್ಲೆಯದು. ಅದೇ ಕೆಂಪು ಮಣ್ಣು, ಅದೇ ಮಳೆ. ರಸ್ತೆ ಅದಕ್ಕಿಂತ ಎಷ್ಟೋ ಸಣ್ಣದು. ಕಾರಿನವರಿಗೆ ಮೈಮೇಲೆ ತಗಡಾದರೂ ಇರುತ್ತದೆ. ಸೈಕಲ್ ಮೇಲೆ ಕೂತವರಿಗೆ ರೇನ್‌ಕೋಟ್ ಮಾತ್ರ.

"ಬೇರೆಯವರು ಮಳೆಯಲ್ಲೂ ಕರ್ಕೊಂಡು ಹೋಗ್ತಾರಲ್ಲ" ಅಂತೀರಿ. ಹೋಗಲಿ. ಅವರ ಲೆಕ್ಕ ಅವರದು. ನಮ್ಮ ಸಂಘದ ಸದಸ್ಯರು ಅದೇ ಊರುಗಳವರು, ಅದೇ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವವರು. ಹಳ್ಳ ಯಾವಾಗ ಹೇಗೆ ಅಂತ ಅವರಿಗಿಂತ ಚೆನ್ನಾಗಿ ಬೆಂಗಳೂರಿನಿಂದ ಬಸ್ ತುಂಬಿಸಿಕೊಂಡು ಬರುವವರಿಗೆ ಗೊತ್ತಿರಲು ಸಾಧ್ಯ ಇಲ್ಲ. ಇದನ್ನು ಜಂಬ ಅಂದುಕೊಂಡರೂ ಬೇಜಾರಿಲ್ಲ.

ಇನ್ನೊಂದು ಮಾತು. ನಮಗೆ ಅತಿ ಹೆಚ್ಚು ಬುಕಿಂಗ್ ಬರುತ್ತಿದ್ದುದು ಜುಲೈ, ಆಗಸ್ಟ್‌ನ ಶನಿವಾರ, ಭಾನುವಾರಗಳಿಗೆ. ಸ್ವಾತಂತ್ರ್ಯ ದಿನದ ರಜೆಗಂತೂ ಕೇಳುವುದೇ ಬೇಡ. ಅದನ್ನೇ ಬಿಟ್ಟುಕೊಟ್ಟಿದ್ದೇವೆ. "ಲಾಭಕ್ಕಾಗಿ ನಿಲ್ಲಿಸಿದ್ದಾರೆ" ಅಂತ ಒಬ್ಬರು ಬರೆದಿದ್ದರು. ಅದು ಯಾವ ಲೆಕ್ಕವೋ ನಮಗೆ ತಿಳಿಯಲಿಲ್ಲ.

ಈಗ ದರದ ವಿಷಯಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅಂದಿನಿಂದ ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ, "ಟ್ಯಾಕ್ಸ್ ಇಳಿದ ಮೇಲೆ ನೀವು ಏರಿಸೋದು ಯಾಕೆ?" ಅಯ್ಯಾ, ಟ್ಯಾಕ್ಸ್ ಇಳಿದದ್ದು ಹೊಸ ಸೈಕಲ್ ಕೊಳ್ಳುವವರಿಗೆ. ನಮ್ಮ ಸೈಕಲ್ಲುಗಳನ್ನು ಅದಕ್ಕೂ ಮೊದಲೇ ಕೊಂಡಿದ್ದೇವೆ, ಹಳೆಯ ದರದಲ್ಲೇ ಟ್ಯಾಕ್ಸ್ ಕಟ್ಟಿದ್ದೇವೆ. ಅದನ್ನು ಯಾರೂ ವಾಪಸ್ ಕೊಡಲಿಲ್ಲ.

ನಮ್ಮ ಖರ್ಚು ಇರುವುದು ಸೈಕಲ್ ಕೊಂಡ ಮೇಲೆ. ಘಟ್ಟ ಇಳಿಯುವಾಗ ಎಲ್ಲರೂ ಬ್ರೇಕ್ ಹಿಡಿದೇ ಇಳಿಯುತ್ತಾರೆ. ನಾವು ಎಷ್ಟು ಹೇಳಿದರೂ ಬಿಟ್ಟು ಬಿಟ್ಟು ಹಿಡಿಯುವುದಿಲ್ಲ. ಹೆದರಿಕೆ, ಪಾಪ, ಅರ್ಥ ಆಗುತ್ತದೆ. ಆದರೆ ಕೆಸರು ಸೇರಿದರೆ ಡಿಸ್ಕ್ ಬ್ರೇಕಿನ ಪ್ಯಾಡನ್ನು ಮರಳುಕಾಗದ ಹಾಕಿ ಉಜ್ಜಿದ ಹಾಗೆ. ಊರಿನ ಸೈಕಲ್ ಶಾಪಿನಲ್ಲಿ ಆ ಪ್ಯಾಡ್ ಸಿಗುವುದಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕು. ಚೈನು, ಗೇರಿನ ಕೇಬಲ್, ಬೇರಿಂಗಿನ ಗ್ರೀಸ್ ಎಲ್ಲ ಇದೇ ಕತೆ. ವಿಭೂತಿಯಿಂದ ಘಟ್ಟ ಹತ್ತಿ ವಾಪಸ್ ತುಳಿಯುವವರು ನಿಮ್ಮಲ್ಲಿ ಎಷ್ಟು ಜನ? ನಿಜ ಹೇಳಿ! ಸೈಕಲ್ಲೂ ನೀವೂ ಪಿಕಪ್‌ನಲ್ಲೇ ಹತ್ತುತ್ತೀರಿ. ಅದರ ಡೀಸೆಲ್, ಡ್ರೈವರ್ ಬಾಟಾ ಯಾರ ಕಣ್ಣಿಗೂ ಬೀಳುವುದಿಲ್ಲ. ದಾರಿ ತೋರಿಸುವ ಹುಡುಗರಿಗೆ ಈ ವರ್ಷ ವಿಮೆ ಮಾಡಿಸಿದ್ದೇವೆ. ಕೂಲಿ ಹೆಚ್ಚಿಸಿದ್ದೇವೆ. ಅಡಿಕೆ ಕೊಯ್ಲಿನ ಸಮಯದಲ್ಲಿ ತೋಟದ ಕೂಲಿಗಿಂತ ಕಡಿಮೆ ಕೊಟ್ಟರೆ ಯಾರು ಬರುತ್ತಾರೆ?

ಊಟಕ್ಕೆ ದುಡ್ಡು ಜಾಸ್ತಿ ಅನ್ನುವವರೂ ಇದ್ದಾರೆ. ಮಧ್ಯಾಹ್ನದ ಊಟ ಹಾಕುವ ಮನೆಯ ಅಮ್ಮ ತೆಳ್ಳೇವು, ಜೋನಿ ಬೆಲ್ಲ, ಅಪ್ಪೆಹುಳಿ ಮಾಡಿ ಎರಡೆರಡು ಸಲ ಬಡಿಸುತ್ತಾರೆ. ಅದರಲ್ಲಿ ಒಂದು ರೂಪಾಯಿಯೂ ಕಡಿಮೆ ಮಾಡುವುದಿಲ್ಲ. ಈ ವಿಷಯದಲ್ಲಿ ಚೌಕಾಸಿ ಬೇಡ.

"ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ" ಅನ್ನೋ ಗಾದೆ ಹಿಡಿದು ಒಬ್ಬರು "ಈಗ ಯಾಣಕ್ಕೂ ರೊಕ್ಕ ಬೇಕಾಯ್ತು" ಅಂತ ಕಾಲೆಳೆದರು. ಸಂಘದ ಮೀಟಿಂಗಿನಲ್ಲಿ ಓದಿ ಎಲ್ಲರೂ ನಕ್ಕೆವು. ದರ ಮಾತ್ರ ಇಳಿಯಲಿಲ್ಲ.

ಹತ್ತೇ ಜನ ಯಾಕೆ ಅಂದರೆ, ಹೆಜ್ಜೇನು. ಆ ಬಂಡೆಗಳ ಮೈಯಲ್ಲಿ ಗೂಡುಗಳು ಜೋತುಬಿದ್ದಿರುವುದನ್ನು ನೋಡಿದ್ದೀರಿ. ಗದ್ದಲ, ಹೊಗೆ, ಸೆಂಟಿನ ವಾಸನೆ ಅವಕ್ಕೆ ಆಗಿಬರುವುದಿಲ್ಲ. ಇಪ್ಪತ್ತೈದು ಜನರ ತಂಡದಲ್ಲಿ ಒಬ್ಬರಾದರೂ ಸ್ಪೀಕರ್ ತಂದಿರುತ್ತಾರೆ, ಒಬ್ಬರಾದರೂ ಬಾಡಿ ಸ್ಪ್ರೇ ಹೊಡೆದುಕೊಂಡಿರುತ್ತಾರೆ. ಹತ್ತು ಜನರನ್ನಾದರೆ ಕಣ್ಣಲ್ಲಿ ಇಟ್ಟು ನೋಡಿಕೊಳ್ಳಬಹುದು.

ಬೇಸಿಗೆಗೆ ಬರುವವರಿಗೂ ಒಂದು ಮಾತು. 2024ರಲ್ಲಿ ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಜೋರಾಗಿತ್ತು. ಅದನ್ನು ಹರಡುವುದು ಉಣುಗು, ಅಂದರೆ ಉಣ್ಣೆ ಹುಳ. ಡಿಸೆಂಬರ್‌ನಿಂದ ಮೇ ತನಕ ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬೇಡಿ, ಉದ್ದ ಪ್ಯಾಂಟ್ ಹಾಕಿ, ನಾವು ಕೊಡುವ ಎಣ್ಣೆಯನ್ನು ಮೂಗು ಮುರಿಯದೆ ಹಚ್ಚಿಕೊಳ್ಳಿ. ಹತ್ತಿರದ ಊರಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆ ದಾರಿಯನ್ನು ಅಂದೇ ಬಿಡುತ್ತೇವೆ. ಆಗ ಇಡೀ ದುಡ್ಡು ವಾಪಸ್. ಶಿವರಾತ್ರಿ ಜಾತ್ರೆಯ ದಿನಗಳಲ್ಲಿ ಎಂದಿನಂತೆ ಸವಾರಿ ಇಲ್ಲ.

ಮಳೆ ನೋಡಲೇಬೇಕು ಅನ್ನುವವರಿಗೆ ಊರೊಳಗೇ ಒಂದು ನಡಿಗೆ ಇಟ್ಟಿದ್ದೇವೆ. ತೋಟ, ಗದ್ದೆ, ಸಂಕ (ಹಳ್ಳದ ಕಾಲುಸೇತುವೆ), ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟದ ಅಂಚು, ಅಷ್ಟೇ. ಅರ್ಧ ದಿನ, ಊಟ ಸೇರಿ 600 ರೂಪಾಯಿ. ಉಂಬಳ (ಜಿಗಣೆ) ಹತ್ತುತ್ತದೆ, ಅದಕ್ಕೆ ನಾವು ಹೊಣೆ ಅಲ್ಲ. ಇದು ಯಾಣಕ್ಕೆ ಸಮ ಅಂತ ಹೇಳಿ ನಿಮ್ಮನ್ನು ನಂಬಿಸುವುದಿಲ್ಲ. ಆದರೆ ಚಂದ ಇದೆ.

ಬುಕ್ ಮಾಡಿದವರಿಗೆ ಎರಡು ದಾರಿ ಇದೆ. ದುಡ್ಡು ಪೂರ್ತಿ ವಾಪಸ್ ಬೇಕಾದರೆ ಕಟ್ಟಿದ ನಂಬರಿನಿಂದಲೇ ಒಂದು ಮೆಸೇಜ್ ಹಾಕಿ, ವಾರದೊಳಗೆ ಬರುತ್ತದೆ. ಅಕ್ಟೋಬರ್ ಮೇಲಿನ ದಿನಕ್ಕೆ ಬದಲಿಸಿಕೊಂಡರೆ ನಿಮಗೆ ಹಳೆಯ 1,400 ರೂಪಾಯಿಯೇ, ಹೊಸ ದರ ಇಲ್ಲ. ಅಕ್ಟೋಬರ್ ಮೊದಲ ಎರಡು ವಾರ ಹಳ್ಳಗಳಲ್ಲಿ ನೀರೂ ಇರುತ್ತದೆ, ದಾರಿಯೂ ಗಟ್ಟಿಯಾಗಿರುತ್ತದೆ. ನಮ್ಮನ್ನು ಕೇಳಿದರೆ ಆಗಲೇ ಬನ್ನಿ. ಫೋನ್ ಮಾಡುವವರು ಸಂಜೆ ಆರರ ಮೇಲೆ ಮಾಡಿ. ಹಗಲು ಎಲ್ಲರೂ ತೋಟದಲ್ಲಿರುತ್ತೇವೆ, ಸಿಗ್ನಲ್ ಸಿಗುವುದಿಲ್ಲ.

ನಿಮ್ಮ,
ಸಂಘದ ಎಲ್ಲ ಸದಸ್ಯರ ಪರವಾಗಿ ಕಾರ್ಯದರ್ಶಿ

ತಾ.ಕ.: ಸ್ವಂತ ಸೈಕಲ್ ತರುವವರಿಗೆ 400 ರೂಪಾಯಿ ಕಡಿಮೆ. ಆದರೆ ಹೊರಡುವ ಮೊದಲು ಬ್ರೇಕ್ ನಮ್ಮ ಹುಡುಗರೇ ನೋಡುತ್ತಾರೆ. ಅವರು ಬೇಡ ಅಂದ ಸೈಕಲ್ ಘಟ್ಟ ಇಳಿಯುವುದಿಲ್ಲ, ಅದು ಲಕ್ಷ ರೂಪಾಯಿಯದ್ದೇ ಆಗಿರಲಿ.