ಹಾಡಿಸಿದವರಿಗೆ, ನುಡಿಸಿದವರಿಗೆ

ಮಕ್ಕಳ ವೃಂದಗಾನದ ಮೊದಲ ಪೂರ್ಣ ಕಾರ್ಯಕ್ರಮ ಮುಗಿಯಿತು. ಚಪ್ಪಾಳೆ ಮಕ್ಕಳಿಗೆ ಸಂದಿತು, ಸಲ್ಲಬೇಕಾದದ್ದೇ. ಸಭೆಗೆ ಬೆನ್ನು ಹಾಕಿ ನಿಂತು ಹಾಡಿಸಿದವರಿಗೆ, ಕೀಬೋರ್ಡಿನ ಹಿಂದೆ ಅರ್ಧ ಮರೆಯಾಗಿದ್ದವರಿಗೆ, ತಬಲಾ ಮುಂದೆ ಕೂತಿದ್ದವರಿಗೆ ಒಂದೊಂದು ಹೂಗುಚ್ಛ ಕೊಟ್ಟು ಕೈತೊಳೆದುಕೊಳ್ಳುವುದು ರೂಢಿ. ಅಷ್ಟಕ್ಕೇ ಬಿಡಲು ನಮಗೆ ಮನಸ್ಸಿಲ್ಲ. ತಾಲೀಮಿಗೆ ಕುರ್ಚಿ ಜೋಡಿಸಿ, ಹಾಳೆ ಹಂಚಿ, ಹಿಂದೆ ಕೂತು ಕೇಳಿದವರು ನಾವು. ಅವರು ಮಾಡಿದ್ದೇನು, ಅದಕ್ಕಿಂತ ಮುಖ್ಯವಾಗಿ ಮಾಡಬಹುದಾಗಿದ್ದರೂ ಮಾಡದೆ ಕೈ ತಡೆದುಕೊಂಡದ್ದೇನು ಅನ್ನುವುದನ್ನು ಬಿಡಿಸಿ ಹೇಳಿದರೇ ಈ ಧನ್ಯವಾದಕ್ಕೆ ಅರ್ಥ.

ಮೊದಲು ಶ್ರುತಿ. ಮಕ್ಕಳಿಗೆ ಹಾಡಿಸುವ ಬಹಳಷ್ಟು ದೊಡ್ಡವರು ತಮ್ಮ ಗಂಟಲಿಗೆ ಹಿತವಾದ ಶ್ರುತಿಯನ್ನೇ ಅವರಿಗೂ ಕೊಟ್ಟುಬಿಡುತ್ತಾರೆ. ಏಳೆಂಟು ವರ್ಷದ ಮಗುವಿನ ದನಿ ಸಲೀಸಾಗಿ ಓಡಾಡುವುದು ಕೀಬೋರ್ಡಿನ ನಡುಸಪ್ತಕದ ಡಿಯಿಂದ ಬಿಯವರೆಗೆ. ಹತ್ತು ಹನ್ನೆರಡರ ಹೊತ್ತಿಗೆ ಕೆಳಗೆ ಸಿ, ಮೇಲೆ ಮುಂದಿನ ಸಪ್ತಕದ ಇ ತನಕ ಹಿಗ್ಗುತ್ತದೆ. ಹೆಂಗಸರು ಸಾಮಾನ್ಯವಾಗಿ ಹಿಡಿಯುವ 5 ಅಥವಾ 5½ ಮನೆಯ (ಸಿ ಒಂದನೆಯ ಮನೆ, ಡಿ ಎರಡು, ಹೀಗೆ ಎಣಿಸಿದರೆ ಜಿ ಐದು, ಅದರ ಮುಂದಿನ ಕರಿ ಮನೆ ಐದೂವರೆ) ಷಡ್ಜ, ಅಂದರೆ ‘ಸ’, ಇರುವುದು ಇದಕ್ಕಿಂತ ಕೆಳಗಿನ ಸಪ್ತಕದಲ್ಲಿ. ಅದನ್ನೇ ಕೊಟ್ಟರೆ ಮಕ್ಕಳು ಕೆಳಗಿನ ಸ್ವರಗಳಲ್ಲಿ ಗೊರಗುಟ್ಟುತ್ತಾರೆ, ಮೇಲಿನವನ್ನು ಎದೆಯ ದನಿಯಲ್ಲೇ, ಅಂದರೆ ಮಾತಾಡುವ ಭಾರದ ದನಿಯಲ್ಲೇ, ಕಿರುಚಿ ಮುಟ್ಟುತ್ತಾರೆ. ‘ಎಷ್ಟು ಜೋರಾಗಿ ಹಾಡಿದರು’ ಎಂದು ಸಭೆ ಮೆಚ್ಚುವುದು ಎಷ್ಟೋ ಸಲ ಈ ಕಿರುಚಾಟವನ್ನೇ.

ನಮ್ಮ ಗಾಯನ ನಿರ್ದೇಶಕಿ ಎಲ್ಲ ಹಾಡಿಗೂ ಒಂದೇ ಶ್ರುತಿ ಇಡಲಿಲ್ಲ. ಪ್ರತಿ ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು, ದನಿ ಹೆಚ್ಚು ಹೊತ್ತು ನಿಲ್ಲುವುದು ಎಲ್ಲಿ ಎಂದು ನೋಡಿ ಗೊತ್ತುಮಾಡಿದರು. ಷಡ್ಜದಿಂದ ತಾರಷಡ್ಜದವರೆಗೆ, ಅಂದರೆ ಮೇಲಿನ ‘ಸ’ದವರೆಗೆ, ಮಾತ್ರ ಹೋಗುವ ಹಾಡಿಗೆ 2 ಮನೆ. ಮಂದ್ರ ಪಂಚಮಕ್ಕೆ (ಕೆಳಗಿನ ‘ಪ’) ಇಳಿದು ಮಧ್ಯ ಧೈವತಕ್ಕೆ (ನಡುವಿನ ‘ದ’) ನಿಲ್ಲುವ ಹಾಡಿಗೆ ನಡುಸಪ್ತಕದ 5 ಮನೆ. ಎರಡರಲ್ಲೂ ಮಕ್ಕಳ ದನಿ ಇರುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಇದಕ್ಕಾಗಿ ಅವರು ತಮಗೆ ಒಗ್ಗದ ಶ್ರುತಿಯಲ್ಲಿ ತಾಲೀಮಿನುದ್ದಕ್ಕೂ ಹಾಡಿ ತೋರಿಸಬೇಕಾಯಿತು. ಅದಕ್ಕೊಂದು ನಮಸ್ಕಾರ.

ದನಿ ಹದಮಾಡುವ ಅಭ್ಯಾಸವನ್ನು ಅವರು ಎಂದೂ ಕೆಳಗಿನಿಂದ ಶುರುಮಾಡಲಿಲ್ಲ. ಮೊದಲು ತುಟಿ ಅದುರಿಸುವುದು, ಆಮೇಲೆ ಸೈರನ್ನಿನಂತೆ ದನಿಯನ್ನು ಮೇಲಕ್ಕೆ ಜಾರಿಸಿ ಇಳಿಸುವುದು, ಆಮೇಲೆ ‘ಊ’ಕಾರದಲ್ಲಿ ಪಮಗರಿಸ ಎಂದು ಇಳಿಯುವುದು. ಒಂದು ಸಲ ಆದಮೇಲೆ ಅರ್ಧ ಸ್ವರ ಏರಿಸಿ ಮತ್ತೆ. ಮೇಲಿನಿಂದ ಇಳಿದರೆ ಹಗುರವಾದ ತಲೆದನಿ ಕೆಳಗಿನ ಸ್ವರಗಳಿಗೂ ಬರುತ್ತದೆ. ಕೆಳಗಿನಿಂದ ಏರಿದರೆ ಎದೆಯ ಭಾರವನ್ನು ಹೊತ್ತುಕೊಂಡೇ ಏರುತ್ತಾರೆ, ಎ ಅಥವಾ ಬಿ ಹತ್ತಿರ ದನಿ ಒಡೆಯುತ್ತದೆ. ಎಲ್ಲ ಸೇರಿ ಏಳೆಂಟು ನಿಮಿಷ. ‘ಅಷ್ಟು ಹೊತ್ತಿನಲ್ಲಿ ಒಂದು ಚರಣ ಕಲಿಸಬಹುದಿತ್ತಲ್ಲ’ ಎನ್ನುವವರಿಗೆ ಉತ್ತರ ಕಾರ್ಯಕ್ರಮದ ಕೊನೆಯ ಹಾಡಿನಲ್ಲಿತ್ತು. ಯಾರ ಗಂಟಲೂ ಕಟ್ಟಿರಲಿಲ್ಲ.

ಕಲಿಸುವಾಗ ಅವರು ಮಕ್ಕಳ ಜೊತೆ ಹಾಡಲಿಲ್ಲ. ನೋಡುವವರಿಗೆ ಇದು ಸಣ್ಣ ಸಂಗತಿ. ಒಂದು ಸಾಲು ತಾವು ಹಾಡಿ ನಿಲ್ಲಿಸುತ್ತಿದ್ದರು, ಮಕ್ಕಳು ಹಾಡುವಾಗ ಬಾಯಿ ಮುಚ್ಚಿ ಕೇಳುತ್ತಿದ್ದರು. ಜೊತೆಗೆ ಹಾಡಿದರೆ ಮಕ್ಕಳು ದೊಡ್ಡವರ ದನಿಗೆ ಜೋತುಬೀಳುತ್ತಾರೆ, ಅರ್ಧ ಮಾತ್ರೆ (ತಾಳದ ಒಂದು ಎಣಿಕೆಯ ಅರ್ಧ) ಹಿಂದೆಯೇ ಉಳಿಯುತ್ತಾರೆ. ಹಾಡಿಸುವವರಿಗೂ ತಮ್ಮ ದನಿ ಬಿಟ್ಟು ಇನ್ನೇನೂ ಕೇಳುವುದಿಲ್ಲ. ಮೂರನೆಯ ಸಾಲಿನ ಎಡಗಡೆ ಕೋಮಲ ನಿಷಾದದ (ಅರ್ಧ ಸ್ವರ ಕೆಳಗಿನ ‘ನಿ’) ಜಾಗದಲ್ಲಿ ಶುದ್ಧ ನಿಷಾದ ಬರುತ್ತಿದೆ ಎಂಬುದು ಕಿವಿಗೆ ಬೀಳಬೇಕಾದರೆ ಬಾಯಿ ಸುಮ್ಮನಿರಬೇಕು. ಅಂಥ ತಪ್ಪು ಮೊದಲ ದಿನವೇ ಸಿಕ್ಕಿದರೆ ಎರಡು ನಿಮಿಷದ ಕೆಲಸ. ನಾಲ್ಕು ತಾಲೀಮು ಹಾಗೇ ಹೋದರೆ ತಪ್ಪೇ ಅಭ್ಯಾಸವಾಗಿ, ತಿದ್ದಿದಷ್ಟು ಹೊತ್ತು ಸರಿಯಿದ್ದು ವೇದಿಕೆಯ ಮೇಲೆ ಮತ್ತೆ ತಲೆಯೆತ್ತುತ್ತದೆ.

ಸ್ವರ ಸೇರದ ಮಕ್ಕಳ ವಿಷಯಕ್ಕೆ ಬಂದರೆ ಈ ಕೃತಜ್ಞತೆ ಇನ್ನೂ ದೊಡ್ಡದು. ‘ನೀನು ತುಟಿ ಮಾತ್ರ ಆಡಿಸು’ ಎಂಬ ಒಂದು ಮಾತು ಎಷ್ಟೋ ಜನರನ್ನು ಜೀವಮಾನಪೂರ್ತಿ ಹಾಡಿನಿಂದ ದೂರ ಇಟ್ಟಿದೆ. ಇಲ್ಲಿ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸ್ವರ ಸೇರದ ಮಗುವಿಗೆ ಕಿವಿ ಇಲ್ಲವೆಂದಲ್ಲ. ಬಹಳ ಸಲ ಅದು ಮಾತಾಡುವ ಎತ್ತರದಲ್ಲೇ ಹಾಡುತ್ತಿರುತ್ತದೆ, ದನಿಯನ್ನು ಅಲ್ಲಿಂದ ಮೇಲೆತ್ತುವ ಬಗೆ ಅದಕ್ಕೆ ಸಿಕ್ಕಿರುವುದಿಲ್ಲ. ಅದಕ್ಕೆ ಮಾಡುತ್ತಿದ್ದದ್ದು ಇಷ್ಟು: ಮಗು ಹಿಡಿದ ಸ್ವರವನ್ನೇ ಕೀಬೋರ್ಡಿನಲ್ಲಿ ಹುಡುಕಿ ಅದರ ಜೊತೆ ನುಡಿಸುವುದು. ಎರಡು ದನಿ ಕೂಡಿದಾಗ ಹೇಗಿರುತ್ತದೆ ಎಂದು ಮಗುವಿಗೆ ಗೊತ್ತಾದಮೇಲೆ ಅರ್ಧ ಸ್ವರ ಮೇಲೆ, ಮತ್ತರ್ಧ ಮೇಲೆ. ಸಾಲಿನಲ್ಲಿ ಅಂಥ ಮಗುವನ್ನು ಮುಂದೆ ನಿಲ್ಲಿಸಿ, ಗಟ್ಟಿಯಾಗಿ ಸ್ವರ ಹಿಡಿಯುವವರನ್ನು ಅದರ ಬೆನ್ನಿಗೆ ನಿಲ್ಲಿಸುತ್ತಿದ್ದರು, ಸರಿಯಾದ ಸ್ವರ ಹಿಂದಿನಿಂದ ಕಿವಿಗೆ ಬೀಳಲಿ ಎಂದು. ದನಿ ಒಡೆಯುತ್ತಿರುವ ಹುಡುಗರನ್ನೂ ಹೊರಗಿಡಲಿಲ್ಲ. ಐದಾರು ಸ್ವರದೊಳಗೆ ಮುಗಿಯುವ ಕೆಳಗಿನ ಭಾಗವೊಂದನ್ನು ಅವರಿಗಾಗಿಯೇ ಬರೆದುಕೊಟ್ಟರು.

ಎರಡು ದನಿಯ ಹಾಡು ಈ ಕಾರ್ಯಕ್ರಮದ ದೊಡ್ಡ ಸಾಹಸ. ಒಮ್ಮೆಗೇ ಅದಕ್ಕೆ ಕೈ ಹಾಕಿದರೆ ಎರಡನೆಯ ಗುಂಪು ಮೂರನೆಯ ಸಾಲಿನೊಳಗೆ ಮೊದಲ ಗುಂಪಿನ ಧಾಟಿಗೆ ಜಾರಿಕೊಳ್ಳುತ್ತದೆ. ನಿರ್ದೇಶಕಿ ಮೊದಲು ಒಂದು ಗುಂಪಿಗೆ ಬರೀ ಷಡ್ಜ ಹಿಡಿಸಿ ಇನ್ನೊಂದು ಗುಂಪಿಗೆ ಹಾಡು ಕೊಟ್ಟರು. ಆಮೇಲೆ ಒಂದೇ ತುಣುಕನ್ನು ಸುತ್ತಿಸುತ್ತಾ ಅದರ ಮೇಲೆ ಹಾಡು. ಆಮೇಲೆ ಒಂದೇ ಹಾಡನ್ನು ಎರಡನೆಯ ಗುಂಪು ಒಂದು ಆವರ್ತ (ತಾಳದ ಒಂದು ಸುತ್ತು) ತಡವಾಗಿ ಎತ್ತಿಕೊಳ್ಳುವುದು. ಕಟ್ಟಕಡೆಗೆ ಬೇರೆ ಬೇರೆ ಧಾಟಿ. ಸ್ವರ ತೋರಿಸಲು ಕೈಸನ್ನೆ ಬಳಸಿದರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಕರ್ವೆನ್ ರೂಪಿಸಿ, ಮುಂದೆ ಹಂಗೆರಿಯ ಜೋಲ್ತಾನ್ ಕೊದಾಯ್ (1882–1967) ಅವರ ಬೋಧನಾಕ್ರಮದೊಂದಿಗೆ ದೇಶದೇಶಕ್ಕೆ ಹಬ್ಬಿದ ಸನ್ನೆಗಳಿವು. ಷಡ್ಜಕ್ಕೆ ಸೊಂಟದ ಎತ್ತರದಲ್ಲಿ ಮುಷ್ಟಿ, ತಾರಷಡ್ಜಕ್ಕೆ ಹಣೆಯ ಎತ್ತರದಲ್ಲಿ. ಬಲಗೈ ಒಂದು ಗುಂಪಿಗೆ, ಎಡಗೈ ಇನ್ನೊಂದಕ್ಕೆ. ಸರಿಗಮ ಗೊತ್ತಿರುವ ಮಕ್ಕಳಿಗೆ ಇದು ಬೇಗ ಹತ್ತುತ್ತದೆ.

ತಾಲೀಮಿನಲ್ಲಿ ಯಾವುದಾದರೂ ಮಗು ಹಾಡುತ್ತಾ ಒಂದು ಕಿವಿಗೆ ಬೆರಳಿಟ್ಟುಕೊಂಡರೆ ಅವರು ತಕ್ಷಣ ಹಾಡು ನಿಲ್ಲಿಸುತ್ತಿದ್ದರು. ಬೈಯಲು ಅಲ್ಲ. ಆ ಭಾಗ ಇನ್ನೂ ಗಟ್ಟಿಯಾಗಿಲ್ಲ, ಪಕ್ಕದ ದನಿ ಕೇಳದಿದ್ದರೆ ಮಾತ್ರ ನಿಲ್ಲುತ್ತಿದೆ ಎನ್ನುವುದಕ್ಕೆ ಆ ಬೆರಳೇ ಸಾಕ್ಷಿ. ಮತ್ತೆ ಆ ಗುಂಪನ್ನೇ ಬೇರೆ ಮಾಡಿ, ಕೀಬೋರ್ಡಿನಲ್ಲಿ ಎದುರು ಗುಂಪಿನ ಧಾಟಿಯನ್ನು ಮೆಲ್ಲಗೆ ನುಡಿಸುತ್ತಾ ಹಾಡಿಸುವುದು. ಕಿವಿ ಮುಚ್ಚದೆ ನಿಂತಮೇಲೆ ಕೂಡಿಸುವುದು.

ಕೀಬೋರ್ಡ್ ನುಡಿಸಿದವರ ಹೆಸರು ಆಹ್ವಾನ ಪತ್ರಿಕೆಯ ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿತ್ತು. ಇದು ನ್ಯಾಯವಲ್ಲ. ಒಂದು ಗುಂಡಿ ಒತ್ತಿದರೆ ಡ್ರಮ್ಸು, ಬೇಸು, ತಂತಿವಾದ್ಯ ಎಲ್ಲ ತಾವಾಗಿ ನುಡಿಯುವ ಸೌಕರ್ಯ ಆ ಯಂತ್ರದಲ್ಲಿದೆ. ಅದನ್ನು ಅವರು ಮುಟ್ಟಲೇ ಇಲ್ಲ. ಯಂತ್ರದ ಲಯ ಯಾರಿಗಾಗಿಯೂ ಕಾಯುವುದಿಲ್ಲ, ಮಕ್ಕಳೋ ಕೆಲವು ಕಡೆ ಕಾಯಿಸಿಯೇ ಕಾಯಿಸುತ್ತಾರೆ. ಸಾಲು ಬದಲಿಸಿ ನಿಲ್ಲಲು ಹೊತ್ತಾದಾಗ, ಹಾಡಿಗೆ ಮುಂಚೆ ನುಡಿಸುವ ಪೀಠಿಕೆಯ ಕೊನೆಯ ಎರಡು ಆವರ್ತವನ್ನು ಸುತ್ತಿಸುತ್ತಾ ಇದ್ದು, ನಿರ್ದೇಶಕಿಯ ಕೈ ಎದ್ದ ಕ್ಷಣ ಮುಂದಕ್ಕೆ ಹೋದರು. ಒಂದು ಹಾಡಿನಲ್ಲಿ ಮಕ್ಕಳು ಎರಡನೆಯ ಚರಣ ಬಿಟ್ಟು ಮೂರಕ್ಕೆ ಹಾರಿದರು. ಅವರೂ ಅದೇ ಆವರ್ತದಲ್ಲಿ ಜೊತೆಗೆ ಹಾರಿದರು. ಸಭೆಗೆ ತಿಳಿಯಲೇ ಇಲ್ಲ. ಪುಟ ನೋಡಿ ಅದರಂತೆಯೇ ನುಡಿಸುವವರು ಇಂಥ ಕಡೆ ಸಿಕ್ಕಿಬೀಳುತ್ತಾರೆ. ಪದವೂ ಕೇಳುತ್ತಾ ನುಡಿಸುವವರಷ್ಟೇ ಪಾರಾಗುತ್ತಾರೆ.

ಪೀಠಿಕೆಯನ್ನು ತಾಲೀಮಿನಿಂದ ವೇದಿಕೆಯವರೆಗೆ ಒಂದಕ್ಷರ ಬದಲಿಸದೆ ಇಟ್ಟುಕೊಂಡದ್ದೂ ದೊಡ್ಡ ಉಪಕಾರ. ಒಳ್ಳೆಯ ವಾದಕರಿಗೆ ಅಲ್ಲೇ ಹೊಸದೇನಾದರೂ ಸೇರಿಸುವ ಚಪಲ ಇರುತ್ತದೆ, ಮಕ್ಕಳು ಎತ್ತಿಕೊಳ್ಳುವುದು ಮಾತ್ರ ಕೇಳಿ ಕೇಳಿ ಗುರುತಾದ ಆ ಕೊನೆಯ ಮೂರು ಸ್ವರದ ಮೇಲೆ. ಹಾಡಿನ ಧಾಟಿಯನ್ನು ಬಲಗೈಯಲ್ಲಿ ಉದ್ದಕ್ಕೂ ನುಡಿಸುವುದನ್ನೂ ಹಂತಹಂತವಾಗಿ ಬಿಟ್ಟರು. ಕಲಿಯುವಾಗ ಪೂರ್ತಿ ಧಾಟಿ, ನಂತರ ಸಾಲಿನ ಮೊದಲ ಸ್ವರ ಮಾತ್ರ, ಕೊನೆಗೆ ಬರೀ ಆಧಾರ ಸ್ವರಗಳು. ಕೊನೆಯತನಕ ಧಾಟಿ ನುಡಿಸುತ್ತಲೇ ಇದ್ದರೆ ಮಕ್ಕಳು ವಾದ್ಯವನ್ನು ಹಿಂಬಾಲಿಸುತ್ತಾರೆ, ತಾವಾಗಿ ಹಾಡುವುದಿಲ್ಲ. ಇನ್ನೊಂದು ಚಿಕ್ಕದು: ಪ್ರತಿ ಹಾಡಿನ ಹಾಳೆಯ ಮೇಲ್ಮೂಲೆಯಲ್ಲಿ ಟ್ರಾನ್ಸ್‌ಪೋಸ್ (ಕೀಬೋರ್ಡಿನ ಶ್ರುತಿಯನ್ನು ಅರ್ಧರ್ಧ ಸ್ವರ ಏರಿಳಿಸುವ ಸೌಕರ್ಯ) ಎಷ್ಟಿರಬೇಕೆಂದು ಕೆಂಪು ಪೆನ್ನಿನಲ್ಲಿ ಬರೆದಿತ್ತು. ಹಿಂದಿನ ಹಾಡಿಗೆ +2 ಇಟ್ಟು ಸೊನ್ನೆಗೆ ತರಲು ಮರೆತರೆ ಮುಂದಿನ ಹಾಡು ಇಡಿಯಾಗಿ ಒಂದು ಸ್ವರ ಮೇಲೆ ಶುರುವಾಗುತ್ತದೆ, ಅನುಪಲ್ಲವಿ ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾಗುವಾಗ ಮಕ್ಕಳ ಕತ್ತಿನ ನರ ಉಬ್ಬಿರುತ್ತದೆ.

ತಬಲಾದವರದು ಬೇರೆ ಬಗೆಯ ಲೆಕ್ಕಾಚಾರ. 2 ಮನೆಗೆ ಶ್ರುತಿ ಕೂಡಿಸಿದ ತಬಲಾ 2 ಮನೆಯ ಹಾಡಿಗೆ ಷಡ್ಜ, 5 ಮನೆಯ ಹಾಡಿಗೆ ಪಂಚಮ, 6 ಮನೆಯ ಹಾಡಿಗೆ ಮಧ್ಯಮ. ಈ ಮೂರು ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇಡಿ ಎಂದು ಕಾರ್ಯಕ್ರಮದ ಕ್ರಮ ಬರೆಯುವಾಗಲೇ ಅವರು ಸೂಚಿಸಿದ್ದರಿಂದ ಹಾಡಿನ ನಡುನಡುವೆ ಸುತ್ತಿಗೆ ಬಡಿತ ಕೇಳುವುದು ತಪ್ಪಿತು. ಮಕ್ಕಳನ್ನು ನಿಲ್ಲಿಸಿಕೊಂಡು ನಾಲ್ಕು ನಿಮಿಷ ಶ್ರುತಿ ಕೂಡಿಸಲು ಸುತ್ತಿಗೆ ಹೊಡೆಯುತ್ತಾ ಕೂತರೆ ಮಕ್ಕಳ ಮನಸ್ಸೂ ಹೋಗುತ್ತದೆ, ತಲೆಯಲ್ಲಿದ್ದ ಶ್ರುತಿಯೂ ಹೋಗುತ್ತದೆ. ಬಿಸಿಗೆ ಚರ್ಮ ಬಿಗಿದು ತಬಲಾ ಏರುತ್ತದೆ, ತೇವಕ್ಕೆ ಸಡಿಲಾಗಿ ಇಳಿಯುತ್ತದೆ. ಆದ್ದರಿಂದ ಅವರು ಒಳಕೋಣೆಯಲ್ಲಿ ಕೂಡಿಸಿ ತಂದು ಸುಮ್ಮನಾಗಲಿಲ್ಲ. ವೇದಿಕೆಯ ದೀಪ ಹಾಕಿಸಿ, ಅರ್ಧ ಗಂಟೆ ಅಲ್ಲೇ ಇಟ್ಟು, ಆಮೇಲೆ ತಬಲಾದ ಅಂಚಿನ ಸುತ್ತಲಿನ ಹದಿನಾರು ಮನೆಯನ್ನೂ ಮತ್ತೆ ನೋಡಿದರು.

ಮಕ್ಕಳ ಹಾಡು ಓಡತೊಡಗುವುದು ಸಾಲಿನ ಕೊನೆಯಲ್ಲಿ. ನಾಲ್ಕು ಮಾತ್ರೆ ಎಳೆಯಬೇಕಾದ ದೀರ್ಘವನ್ನು ಮೂರಕ್ಕೇ ಕತ್ತರಿಸಿ ಮುಂದಿನ ಸಾಲಿಗೆ ಹಾರುತ್ತಾರೆ, ಏಕೆಂದರೆ ಖಾಲಿ ಉಳಿದ ಮಾತ್ರೆಯನ್ನು ಎಣಿಸುವ ತಾಳ್ಮೆ ಇನ್ನೂ ಬಂದಿರುವುದಿಲ್ಲ. ತಬಲಾದವರು ಸರಿಯಾಗಿ ಆ ಖಾಲಿ ಜಾಗದಲ್ಲಿ ಮಾತ್ರೆ ಮಾತ್ರೆಗೂ ಒಂದು ಮೆತ್ತನೆಯ ಪೆಟ್ಟು ಇಟ್ಟರು. ದೊಡ್ಡವರ ಹಾಡಾಗಿದ್ದರೆ ಅದೇ ಜಾಗದಲ್ಲಿ ಚಂದದ ತಿಹಾಯಿ, ಅಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸುವ ಮುಕ್ತಾಯ, ಬರುತ್ತಿತ್ತು. ಇಲ್ಲಿ ತಿಹಾಯಿ ಹಾಕಿದರೆ ಮಕ್ಕಳು ಅದನ್ನು ಕೇಳುತ್ತಾ ನಿಂತು ಎತ್ತುಗಡೆ ತಪ್ಪುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ಅವರ ಕೈಚಳಕ ಕಂಡದ್ದು ಕೊನೆಯ ಹಾಡಿನ ಮುಕ್ತಾಯದಲ್ಲಿ, ಮಕ್ಕಳ ಬಾಯಿ ನಿಂತಮೇಲೆ. ಆ ಕೈ ಎಷ್ಟು ಬಲ್ಲದು ಎಂದು ತಿಳಿದವರಿಗೆ ಅವರ ಸಂಯಮದ ಬೆಲೆಯೂ ತಿಳಿಯುತ್ತದೆ.

ಧ್ವನಿವರ್ಧಕದ ವಿಷಯದಲ್ಲಿ ಮೂವರೂ ಒಂದೇ ಮಾತು ಆಡಿದರು: ಕೈಗೆ ಮೈಕು ಬೇಡ. ಒಂದು ಮಗುವಿನ ಬಾಯಿಗೆ ಹತ್ತಿರವಿದ್ದರೆ ವೃಂದಗಾನ ಹೋಗಿ ಆ ಮಗುವಿನ ಹಾಡಾಗುತ್ತದೆ. ಮೊದಲ ಸಾಲಿನಿಂದ ಮೂರಡಿ ಮುಂದೆ, ಹಿಂದಿನ ಸಾಲಿನ ತಲೆಗಿಂತ ಎತ್ತರದಲ್ಲಿ ಎರಡು ಕಂಡೆನ್ಸರ್ ಮೈಕು. ಮೈಕಿಗೂ ಮಕ್ಕಳಿಗೂ ಎಷ್ಟು ದೂರವೋ ಅದರ ಮೂರು ಪಟ್ಟಾದರೂ ದೂರ ಎರಡು ಮೈಕುಗಳ ನಡುವೆ. ಹತ್ತಿರ ತಂದರೆ ಒಂದೇ ದನಿ ಎರಡರಲ್ಲೂ ಹಿಂದುಮುಂದಾಗಿ ಸೇರಿ ಟೊಳ್ಳಾಗಿ ಕೇಳುತ್ತದೆ. ತಬಲಾವನ್ನು ವೇದಿಕೆಯ ಆ ತುದಿಗೆ ಇಡಲು ಅಲಂಕಾರದವರು ಕೇಳಿದ್ದರು. ಹತ್ತು ಮೀಟರ್ ದೂರದ ಪೆಟ್ಟು ಕಿವಿಗೆ ಬರಲು ಸೆಕೆಂಡಿನ ನೂರರಲ್ಲಿ ಮೂರು ಭಾಗ ಹಿಡಿಯುತ್ತದೆ, ದ್ರುತದ, ಅಂದರೆ ವೇಗದ, ಹಾಡಿನಲ್ಲಿ ಅಷ್ಟು ಸಾಕು ತಾಳ ಮಸುಕಾಗಲು. ಅಲಂಕಾರ ಸರಿಯಿತು, ತಬಲಾ ಮಕ್ಕಳ ಬಳಿಯೇ ಉಳಿಯಿತು. ಮಂಡಿ ಬಿಗಿದು ನಿಲ್ಲಬೇಡಿ ಎಂದು ಪ್ರತಿ ಹಾಡಿನ ಮುಂಚೆ ಕಣ್ಣಲ್ಲೇ ನೆನಪಿಸುತ್ತಿದ್ದದ್ದೂ ನಿರ್ದೇಶಕಿಯೇ. ಬಹಳ ಹೊತ್ತು ಹಾಗೆ ನಿಂತ ಮಕ್ಕಳೇ ತಲೆಸುತ್ತಿ ಬೀಳುವುದು.

ಮುಂದಿನ ಋತುವಿಗೆ ನಮ್ಮ ಕಡೆಯಿಂದ ಆಗುವುದು ಇಷ್ಟು. ಕೀಬೋರ್ಡ್ ಸ್ಟ್ಯಾಂಡಿಗೆ ಕ್ಲಿಪ್ಪಿನ ದೀಪ ಮತ್ತು ಒಂದು ಹೆಚ್ಚುವರಿ ಅಡಾಪ್ಟರ್ ಇರುತ್ತದೆ. ಹಾಳೆಗಳನ್ನು ಮಡಚಿಕೊಳ್ಳದ ದಪ್ಪ ಕಾಗದದಲ್ಲಿ, ಪುಟ ತಿರುಗಿಸುವ ಜಾಗದಲ್ಲಿ ಎಡಗೈಗೆ ಬಿಡುವು ಬರುವಂತೆ ಮುದ್ರಿಸುತ್ತೇವೆ. ತಬಲಾ ಕೂಡಿಸಲು ವೇದಿಕೆಯನ್ನು ಸಭೆ ಸೇರುವ ಮುಂಚೆ ಒಂದು ಗಂಟೆ ಖಾಲಿ ಬಿಟ್ಟುಕೊಡುತ್ತೇವೆ, ಆ ಹೊತ್ತಿನಲ್ಲಿ ಮೈಕ್ ಪರೀಕ್ಷೆ ನಡೆಯುವುದಿಲ್ಲ. ವಾದಕರನ್ನು ಕೊನೆಯ ಎರಡು ತಾಲೀಮಿಗಷ್ಟೇ ಕರೆಯುವ ಪದ್ಧತಿಗೆ ಮರಳುವುದಿಲ್ಲ. ಮೊದಲ ದಿನದಿಂದಲೇ ಇರುತ್ತಾರೆ, ಅಷ್ಟೂ ದಿನದ ಸಂಭಾವನೆ ಲೆಕ್ಕದಲ್ಲಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಮೂವರ ಹೆಸರೂ ಮಕ್ಕಳ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ.