ಟ್ರಾನ್ಸ್‌ಫರ್ ಸ್ವಿಚ್ ಬಿಚ್ಚೋ ಮುಂಚೆ ಓದಿ

ಆರ್‌ವಿಯಲ್ಲಿ (ಒಳಗೇ ವಾಸ ಮಾಡಬಹುದಾದ ಮನೆಯಂಥ ವಾಹನ) ಜನರೇಟರ್ ಓಡುತ್ತಿದ್ದರೂ ಒಳಗೆ ಕರೆಂಟ್ ಬರದಿದ್ದರೆ ತಕ್ಷಣ ಟ್ರಾನ್ಸ್‌ಫರ್ ಸ್ವಿಚ್ ಪೆಟ್ಟಿಗೆಗೆ ಕೈ ಹಾಕಬೇಡಿ. ಹೊರಗಿನ ಕರೆಂಟ್‌ನಿಂದ ಜನರೇಟರ್ ಕರೆಂಟ್‌ಗೆ ಬದಲಾಯಿಸೋದು ಈ ಸ್ವಿಚ್ಚೇ. ಜನರೇಟರ್ ಒಂದು ಹದಕ್ಕೆ ಬರಲಿ ಅಂತ ಎಷ್ಟೋ ಸ್ವಿಚ್‌ಗಳು ಸುಮಾರು ಅರ್ಧ ನಿಮಿಷ ಕಾದು ಆಮೇಲೆ ಟಕ್ ಅಂತ ಬದಲಾಗುತ್ತವೆ, ಆ ಸದ್ದಿಗೆ ಕಿವಿಗೊಡಿ. ಬ್ರೇಕರ್ ಬಿದ್ದಿದೆಯಾ ನೋಡಿ.

ಬಿಚ್ಚಲೇಬೇಕು ಅಂದರೆ ಹೊರಗಿನಿಂದ ಕರೆಂಟ್ ತರುವ ಕೇಬಲ್ ತೆಗೆಯಿರಿ, ಜನರೇಟರ್ ನಿಲ್ಲಿಸಿ ಅದು ತಾನಾಗೇ ಶುರುವಾಗದಂತೆ ಮಾಡಿ, ಇನ್ವರ್ಟರ್ ಕೂಡ ಆಫ್ ಮಾಡಿ. ಇನ್ವರ್ಟರ್ ಮರೆಯೋದು ನಿಜಕ್ಕೂ ಅಪಾಯ. ಮಲ್ಟಿಮೀಟರ್ ಕೆಲಸ ಮಾಡುತ್ತಿದೆ ಅಂತ ಮೊದಲು ಕರೆಂಟ್ ಇರುವ ಕಡೆ ಖಾತ್ರಿ ಮಾಡಿಕೊಂಡು, ಆಮೇಲೆ ಎಲ್ಲಾ ಟರ್ಮಿನಲ್‌ಗಳಲ್ಲೂ ಸೊನ್ನೆ ತೋರಿಸುತ್ತಾ ನೋಡಿ. ಸಡಿಲ ಸ್ಕ್ರೂ, ಕಂದು ತಿರುಗಿದ ವೈರ್ ತುದಿ, ಕರಗಿದ ಪ್ಲಾಸ್ಟಿಕ್ ಇದೆಯಾ ಹುಡುಕಿ.

ಇನ್‌ಪುಟ್‌ನಲ್ಲಿ ವೋಲ್ಟೇಜ್ ಇದ್ದು, ಕಾಯುವ ಹೊತ್ತು ಮುಗಿದರೂ ಔಟ್‌ಪುಟ್‌ನಲ್ಲಿ ಇಲ್ಲ ಅಂದರೆ ಕಾಂಟ್ಯಾಕ್ಟರ್ (ಸ್ವಿಚ್ ಒಳಗೆ ಕರೆಂಟ್ ಜೋಡಿಸುವ, ಬಿಡಿಸುವ ಭಾಗ) ಅಥವಾ ಅದರ ಬೋರ್ಡ್ ಮೇಲೆ ಅನುಮಾನ. ಆದರೆ ಇದು ಕರೆಂಟ್ ಇರುವಾಗಲೇ ಮಾಡುವ ಪರೀಕ್ಷೆ, ದಯವಿಟ್ಟು ಎಲೆಕ್ಟ್ರಿಷಿಯನ್‌ಗೆ ಬಿಡಿ. ಕಾಂಟ್ಯಾಕ್ಟರನ್ನು ಕೈಯಿಂದ ಒತ್ತಿ ನೋಡಲೇಬೇಡಿ.