ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯಲ್ಲಿ ಸಿಕ್ಕ ಮೇಡಂಗೆ

ಮೇಡಂ, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಯಲ್ಲಿ ಸಾಲಮನ್ ನಾರ್ಥಪ್ ಅವರ ಆತ್ಮಕಥೆ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ನನ್ನ ಕೈಗಿಟ್ಟು, ಮೊದಲು ಇದನ್ನು ಓದಿ, ಸಿನಿಮಾ ಆಮೇಲೆ ನೋಡಿ ಅಂದಿರಿ. ಹಾಗೇ ಮಾಡಿದೆ.

ನಾರ್ಥಪ್ ಸ್ವತಂತ್ರರಾಗಿ ಹುಟ್ಟಿದ ಕಪ್ಪು ಅಮೆರಿಕನ್, ಪಿಟೀಲು ನುಡಿಸುತ್ತಿದ್ದವರು. 1841ರಲ್ಲಿ ಕೆಲಸದ ಆಸೆ ತೋರಿಸಿ ಕರೆದೊಯ್ದು ಗುಲಾಮರಾಗಿ ಮಾರಿಬಿಟ್ಟರು. 1853ರಲ್ಲಿ ಬಿಡುಗಡೆ, ಅದೇ ವರ್ಷ ಪುಸ್ತಕ. 2013ರ ಸಿನಿಮಾದಲ್ಲಿ ಒಂದು ದೃಶ್ಯವಿದೆ. ಕೊರಳಿಗೆ ಹಗ್ಗ, ಕೆಸರಲ್ಲಿ ತುದಿಗಾಲ ಮೇಲೆ ನಿಂತು ಉಸಿರಿಗೆ ಒದ್ದಾಡುತ್ತಾರೆ. ಹಿಂದೆ ಮಕ್ಕಳು ಆಡುತ್ತಿರುತ್ತಾರೆ, ಉಳಿದವರು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತಾರೆ. ಚಾಟಿ ಏಟಿಗಿಂತ ಅದೇ ನನ್ನನ್ನು ಜಾಸ್ತಿ ಅಲುಗಾಡಿಸಿತು. ಕ್ರೌರ್ಯ ಮಾಮೂಲಿಯಾಗುವುದು ಹೀಗೇ ಅಲ್ವಾ?

ಬಿಲ್ ಹಾಕಿಸುವಾಗ ನೀವು ಸುಮ್ನೆ ಹೇಳಿದ ಇನ್ನೊಂದು ಮಾತೂ ನನಗೆ ದೊಡ್ಡದು. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಆ ಪತ್ರ ಹುಡುಕಿ ಓದಿದೆ. ಈಗ ಕಪ್ಪು ಅಮೆರಿಕನ್ ಲೇಖಕ ಜೇಮ್ಸ್ ಬಾಲ್ಡ್ವಿನ್ ಅವರನ್ನು ಓದುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಮೇಡಂ.